ಕಾರೋ-ಕಾನ್ ಕಲಿತ ಭಾನುವಾರ

ಚೆಸ್‌ನಲ್ಲಿ ಇ4 ಆಡಿದವರಿಗೆಲ್ಲ (ಅಕ್ಷರ ಅಂದರೆ ಬೋರ್ಡಿನ ಉದ್ದಸಾಲು, ಅಂದರೆ ಫೈಲ್; ಅಂಕಿ ಅಂದರೆ ಅಡ್ಡಸಾಲು) ಇ5 ಅಂತಲೇ ಉತ್ತರ ಕೊಟ್ಟು ಕೊಟ್ಟು ಬೇಜಾರಾಗಿತ್ತು. ಕಪ್ಪು ಕಾಯಿ ಬಂದಾಗ ಆಡೋಕೆ ಹೊಸ ಓಪನಿಂಗ್ (ಆಟದ ಶುರುವಿನ ನಡೆಗಳ ಕ್ರಮ) ಒಂದು ಬೇಕಿತ್ತು. ಕಾರೋ-ಕಾನ್ ಆರಿಸಿಕೊಂಡೆ. ಮೊದಲ ನಡೆ ಸಿ6, ಆಮೇಲೆ ಡಿ5. 1886ರಲ್ಲಿ ಹೊರೇಷಿಯೋ ಕಾರೋ, ಮಾರ್ಕಸ್ ಕಾನ್ ಇದರ ವಿಶ್ಲೇಷಣೆ ಪ್ರಕಟಿಸಿದರು, ಹೆಸರೂ ಅವರದೇ. ವಿಶ್ವ ಚಾಂಪಿಯನ್‌ಗಳಾಗಿದ್ದ ಬೊಟ್ವಿನ್ನಿಕ್, ಪೆಟ್ರೋಸಿಯನ್, ಕಾರ್ಪೋವ್ ನೆಚ್ಚಿಕೊಂಡಿದ್ದು ಅಂದಮೇಲೆ ಗಟ್ಟಿ ಸರಕೇ ಇರಬೇಕು ಅಲ್ವಾ?

ನನ್ನ ಗೆಳೆಯ ಇದನ್ನು ತುಂಬಾ ಕಾಲದಿಂದ ಆಡುತ್ತಿದ್ದಾನೆ. ಒಂದು ಭಾನುವಾರ ಬೆಳಿಗ್ಗೆ ಅವನ ಎದುರು ಬೋರ್ಡ್ ಹರಡಿಕೊಂಡು ಕೂತೆ. ನಡೆಗಳನ್ನು ಹೇಳುತ್ತಾ ಹೋಗುತ್ತಾನೆ, ಬರೆದುಕೊಳ್ಳೋಣ ಅಂತ ಪೆನ್ನನ್ನೂ ತೆಗೆದಿದ್ದೆ. ಅವನು ಎಕ್ಸ್‌ಚೇಂಜ್ ವೇರಿಯೇಷನ್‌ನ ನಾಲ್ಕೈದು ನಡೆ ಆಡಿಸಿದ. ಬಿಳಿಯ ಇ ಪಾನ್ (ಕಾಲಾಳು) ಡಿ5ನಲ್ಲಿ ಹೊಡೆದು, ನನ್ನ ಸಿ ಪಾನ್ ವಾಪಸ್ ಹೊಡೆಯೋ ಕವಲು ಅದು. ಆಮೇಲೆ ರಾಜರನ್ನು ಬಿಟ್ಟು ಉಳಿದ ದೊಡ್ಡ ಕಾಯಿಗಳನ್ನೆಲ್ಲ ಎತ್ತಿ ಪಕ್ಕಕ್ಕಿಟ್ಟ. ಬೋರ್ಡಿನ ಮೇಲೆ ಬರೀ ಪಾನ್‌ಗಳು.

"ಬಾಯಿಪಾಠ ಆಮೇಲೆ ಮಾಡ್ಕೋ. ಈಗ ಹೇಳು, ನಿನ್ನ ಆನೆ ಎಲ್ಲಿ ನಿಲ್ಲಬೇಕು?"

ಖಾಲಿ ಬೋರ್ಡಿನಲ್ಲಿ ಉತ್ತರ ಕಣ್ಣಿಗೆ ರಾಚುತ್ತಿತ್ತು. ನನಗೆ ಸಿ ಪಾನ್ ಇಲ್ಲ, ಹಾಗಾಗಿ ಆನೆ (ರೂಕ್) ಸಿ ಫೈಲಿಗೆ. ಬಿಳಿಗೆ ಇ ಪಾನ್ ಇಲ್ಲ, ಅವನ ಆನೆ ಇ ಫೈಲಿಗೆ, ಕುದುರೆ ಇ5 ಮನೆಗೆ. ಬಿಳಿಯ ಡಿ4 ಪಾನಿಗೆ ಆಸರೆ ಸಿ3 ಪಾನ್. ಅದನ್ನು ಅಲ್ಲಾಡಿಸಬೇಕಾದರೆ ನಾನು ಬಿ ಪಾನನ್ನು ಬಿ5, ಬಿ4 ಅಂತ ತಳ್ಳಬೇಕು. ಅಲ್ಲಿ ಪಾನ್ ಬದಲಾದರೆ ಸಿ3 ಪಾನ್ ಹಿಂದೆ ಬಿದ್ದು ನನ್ನ ಆನೆಗೆ ಗುರಿಯಾಗುತ್ತದೆ. ಒಂದು ನಡೆಯನ್ನೂ ಉರುಹೊಡೆಯದೆ ಹದಿನೈದನೇ ನಡೆಯಲ್ಲಿ ಏನು ಮಾಡಬೇಕು ಅನ್ನೋದು ಸಿಕ್ಕಿಬಿಟ್ಟಿತು. ನನ್ನ ಪ್ರಕಾರ ಓಪನಿಂಗ್ ಕಲಿಯೋಕೆ ಇದಕ್ಕಿಂತ ಹತ್ತಿರದ ದಾರಿ ಇಲ್ಲ.

ಆಮೇಲೆ ಕಾಯಿಗಳು ವಾಪಸ್ ಬಂದವು. ಬಿಳಿ ಮೂರನೇ ನಡೆಯಲ್ಲಿ ಕುದುರೆಯನ್ನು ಸಿ3ಗೆ ತಂದರೆ ನಾನು ಇ4ನಲ್ಲಿ ಹೊಡೆಯುತ್ತೇನೆ, ಅವನ ಕುದುರೆ ವಾಪಸ್ ಹೊಡೆಯುತ್ತದೆ, ನನ್ನ ಕುದುರೆ ಡಿ7ಗೆ. ಅಲ್ಲಿ ಅವನು ರಾಣಿಯನ್ನು ಇ2ಗೆ ಇಟ್ಟ. ತನ್ನದೇ ಬಿಷಪ್‌ಗೆ ಅಡ್ಡ ನಿಲ್ಲೋ ರಾಣಿ! ನನ್ನ ಕೈ ಇನ್ನೊಂದು ಕುದುರೆಯ ಮೇಲೆ ಹೋಗುತ್ತಿತ್ತು. "ಯಾಕೆ ಅಂತ ಕೇಳ್ಕೊಂಡ್ಯಾ?" ಅಂದ. ಆಗ ನೋಡಿದೆ. ಆ ಕುದುರೆ ಎಫ್6ಗೆ ಬಂದರೆ ಅವನ ಕುದುರೆ ಡಿ6ಗೆ ಹಾರುತ್ತದೆ, ಚೆಕ್‌ಮೇಟ್. ಇ7 ಪಾನ್ ಹೊಡೆಯುವ ಹಾಗಿಲ್ಲ, ಅದರ ಹಿಂದೆ ರಾಜ, ಮುಂದೆ ಆ ರಾಣಿ. ರಾಜನ ಸುತ್ತ ಎಲ್ಲ ಮನೆಗಳಲ್ಲೂ ನನ್ನ ಕಾಯಿಗಳೇ. ಡಿ7 ಕುದುರೆಯನ್ನೇ ಎಫ್6ಗೆ ತಂದರೆ ನನ್ನ ರಾಣಿಗೆ ಡಿ6 ಕಾಣುತ್ತದೆ, ಅಪಾಯ ಮುಗೀತು. ಆರೇ ನಡೆಯಲ್ಲಿ ಮುಗಿಯೋ ಈ ಬಲೆಯನ್ನು ಇನ್ನು ಮರೆಯೋದು ಸಾಧ್ಯವೇ ಇಲ್ಲ.

ನಡೆಗಳ ಕ್ರಮ ತಪ್ಪಿದರೆ ದೊಡ್ಡವರಿಗೂ ರಿಯಾಯಿತಿ ಇಲ್ಲ. 1997ರಲ್ಲಿ ಡೀಪ್ ಬ್ಲೂ ಕಂಪ್ಯೂಟರ್ ವಿರುದ್ಧದ ಆರನೇ ಆಟದಲ್ಲಿ ವಿಶ್ವ ಚಾಂಪಿಯನ್ ಕಾಸ್ಪರೋವ್ ಆಡಿದ್ದೂ ಕಾರೋ-ಕಾನ್. ಮೊದಲು ಬಿಷಪ್ ಡಿ6ಗೆ ಬರಬೇಕಾದ ಜಾಗದಲ್ಲಿ ಎಚ್6 ಆಡಿದರು. ಯಂತ್ರ ಇ6ನಲ್ಲಿ ಕುದುರೆ ಬಲಿಕೊಟ್ಟಿತು, 19 ನಡೆಗೆ ಆಟ ಖತಂ.

ಯಾವ ವೇರಿಯೇಷನ್ ಮೊದಲು ಕಲಿಯಬೇಕು ಅನ್ನೋದಕ್ಕೆ ಲಿಚೆಸ್ ವೆಬ್‌ಸೈಟಿನ ಓಪನಿಂಗ್ ಎಕ್ಸ್‌ಪ್ಲೋರರ್ (ಯಾವ ನಡೆ ಎಷ್ಟು ಸಲ ಆಡಿದ್ದಾರೆ ಅಂತ ತೋರಿಸೋದು) ತೆರೆದೆವು. ರೇಟಿಂಗ್ ಆಧಾರದ ಮೇಲೆ ಆಟಗಳನ್ನು ಸೋಸಬಹುದು. ಗ್ರ್ಯಾಂಡ್‌ಮಾಸ್ಟರ್‌ಗಳು ಆಡೋದನ್ನು ಕಟ್ಟಿಕೊಂಡು ನನಗೇನು? ನನ್ನ ಮಟ್ಟದವರು ಏನು ಆಡುತ್ತಾರೋ ಅದು ಸಾಕು. ಎಕ್ಸ್‌ಚೇಂಜ್ ಆಗಲೇ ಆಗಿತ್ತು, ಅಡ್ವಾನ್ಸ್ ಸೇರಿಸಿಕೊಂಡೆ.

ಅಡ್ವಾನ್ಸ್‌ನಲ್ಲಿ ಬಿಳಿ ಇ ಪಾನನ್ನು ಇ5ಗೆ ತಳ್ಳುತ್ತಾನೆ, ನನ್ನ ಬಿಷಪ್ ಎಫ್5ಗೆ ಬರುತ್ತದೆ, ಆಮೇಲೆ ಇ6, ಆಮೇಲೆ ಸಿ5. ಸಿ ಪಾನ್ ಎರಡು ಸಲ ನಡೆದು ಒಂದು ನಡೆ ದಂಡ ಆದ ಹಾಗೆ ಕಾಣುತ್ತದೆ. ಆದರೆ ಬಿಷಪ್ ಮೊದಲೇ ಪಾನ್‌ಗಳ ಹೊರಗೆ ಬಂತಲ್ಲ, ಆ ನಡೆಯ ಬೆಲೆ ಅದು. ಕಪ್ಪು ಇ6ರಿಂದ ಶುರುಮಾಡೋ ಫ್ರೆಂಚ್ ಡಿಫೆನ್ಸ್‌ನಲ್ಲಿ ಅದೇ ಬಿಷಪ್ ಇ6 ಪಾನಿನ ಹಿಂದೆ ಮುದುಡಿಕೊಂಡು ಕೂತಿರುತ್ತದೆ.

ಮಧ್ಯಾಹ್ನ ಹತ್ತತ್ತು ನಿಮಿಷದ ಆಟಗಳು, ಒಮ್ಮೆ ನಾನು ಕಪ್ಪು, ಒಮ್ಮೆ ಬಿಳಿ. ಬಿಳಿ ಹಿಡಿದಾಗಲೇ ಕಾರೋ-ಕಾನ್ ಎದುರಿಗೆ ಯಾವುದು ಕಿರಿಕಿರಿ ಅಂತ ಗೊತ್ತಾಗಿದ್ದು. ಪ್ರತಿ ಆಟದ ನಂತರ ಒಂದೇ ಪ್ರಶ್ನೆ: ಎಲ್ಲಿಂದ ನನಗೆ ಗೊತ್ತಿಲ್ಲದ ಜಾಗ ಶುರುವಾಯಿತು? ಅದನ್ನು ಬರೆದು, ಪಕ್ಕದಲ್ಲಿ ಕಾರಣ ಒಂದು ಸಾಲು. ಎಂಜಿನ್ (ಚೆಸ್ ಆಡೋ ಕಂಪ್ಯೂಟರ್ ಪ್ರೋಗ್ರಾಂ) ಕೊನೆಗೆ, ಅದೂ ನಾವಿಬ್ಬರೂ ಜಗಳ ಆಡಿಕೊಂಡ ಮೇಲೆ. ಎಂಜಿನ್ ನಡೆ ತೋರಿಸುತ್ತದೆ, ಕಾರಣ ಹೇಳೋಕೆ ಬರೋದಿಲ್ಲ.

ಸಂಜೆ ನನ್ನ ಬಿಷಪ್ ಎಫ್5ಗೆ ಬಂದ ತಕ್ಷಣ ಅವನು ಎಚ್4 ಆಡಿದ. ಹೇಳಿಕೊಟ್ಟಿರಲಿಲ್ಲ, ಬೇಕಂತಲೇ. ಸುಮ್ನೆ ಇ6 ಆಡಿದರೆ? ಜಿ4 ಬಂದು ಬಿಷಪ್ ಇ4ಗೆ, ಎಫ್3 ಬಂದು ಜಿ6ಗೆ, ಎಚ್5 ಬಂದರೆ ಹೋಗೋಕೆ ಜಾಗವೇ ಇಲ್ಲ. ನಾನೇ ಎಚ್5 ಆಡಿ ಜಿ4ಗೆ ತಡೆ ಹಾಕಿದೆ. "ಸರಿ, ಇನ್ನು ಹೊರಗಿನವರ ಹತ್ರ ಆಡು" ಅಂದ. ಇನ್ನೊಂದು ಕವಲಾದ ಪನೋವ್ ಅಟ್ಯಾಕ್ ಮಾತ್ರ ಮುಂದಿನ ವಾರಕ್ಕೆ ಬಿಟ್ಟೆವು. ಅಲ್ಲಿ ಸಾಮಾನ್ಯವಾಗಿ ಬಿಳಿಯ ಡಿ ಪಾನ್ ಒಂಟಿಯಾಗಿಬಿಡುತ್ತದೆ, ಪಾನ್‌ಗಳ ಲೆಕ್ಕವೇ ಬೇರೆ.