ಜಾಗ ಮೊದಲು, ಅಂಟು ಆಮೇಲೆ

ಉಪ್ಪುನೀರಿನ ಅಕ್ವೇರಿಯಂಗೆಂದು ತಂದ ಹೊಸ ಕಲ್ಲು ಹವಳ ಮನೆಗೆ ಬಂದ ಸಂಜೆಯೇ ಅದನ್ನು ಟ್ಯಾಂಕಿನ ಬಂಡೆಗೆ ಅಂಟಿಸಬೇಡಿ. ಬೆಳಕು, ನೀರಿನ ಓಟ, ಅಕ್ಕಪಕ್ಕದವರು ಈ ಮೂರೂ ಒಗ್ಗಿವೆಯೇ ಎಂದು ತಿಳಿಯಲು ಎರಡು ವಾರವಾದರೂ ಬೇಕು. ಅಂಟಿಸಿ, ಕಿತ್ತು, ಮತ್ತೆ ಅಂಟಿಸಿದರೆ ಹವಳ ಪ್ರತಿ ಸಲವೂ ಸೊರಗುತ್ತದೆ.

ಭಾರತದಲ್ಲಿರುವವರು ಇದನ್ನು ಮರೆಯಬಾರದು: ಕಲ್ಲು ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಒಂದನೇ ಅನುಸೂಚಿಯಲ್ಲಿವೆ. ನೇತ್ರಾಣಿಯಿಂದಾಗಲಿ ಲಕ್ಷದ್ವೀಪದಿಂದಾಗಲಿ ಒಂದು ಚೂರು ಎತ್ತಿ ತರುವುದೂ ಅಪರಾಧ. ಹೊರದೇಶದ ಹವಳಕ್ಕೆ ಸೈಟಿಸ್ (ಅಳಿವಿನ ಭಯವಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರದ ಒಪ್ಪಂದ) ಕಾಗದಪತ್ರ ಬೇಕು. ಕಾಗದವಿಲ್ಲದ ಮಾಲು ಎಷ್ಟೇ ಅಗ್ಗವಾದರೂ ಮುಟ್ಟಬೇಡಿ.

ಮೊದಲು ಡಿಪ್, ಅಂದರೆ ಹುಳು ಕೊಲ್ಲುವ ದ್ರಾವಣದಲ್ಲಿ ಅದ್ದುವುದು. ಟ್ಯಾಂಕಿನದೇ ನೀರಿನಲ್ಲಿ ಕೋರಲ್ ಡಿಪ್ ಬೆರೆಸಿ, ಬಾಟಲಿಯ ಮೇಲೆ ಹೇಳಿದಷ್ಟು ಹೊತ್ತು ಅದ್ದಿ. ಹವಳಕ್ಕೆ ಅಂಟಿ ಬಂದ ಹುಳು ಸಾಯುತ್ತದೆ, ಅದರ ಮೊಟ್ಟೆ ಸಾಯುವುದಿಲ್ಲ. ಅದಕ್ಕೇ ಅಕ್ರೊಪೋರಾ (ಕೊಂಬೆಯಾಗಿ ಬೆಳೆಯುವ ಕಲ್ಲು ಹವಳ) ಬಂದ ಪ್ಲಗ್ಗನ್ನು, ಅಂದರೆ ಅದು ಕೂತಿರುವ ಪುಟ್ಟ ಬಿಲ್ಲೆಯನ್ನು, ಕತ್ತರಿಸಿ ಎಸೆದು, ಹೊಸ ಪ್ಲಗ್ ಕೊಡುವುದು ಲೇಸು.

ಬೆಳಕಿನ ಅಳತೆಗೆ ಪಾರ್ ಮೀಟರ್ (ಹವಳಕ್ಕೆ ಉಪಯೋಗವಾಗುವ ಬೆಳಕನ್ನು ಅಳೆಯುವ ಉಪಕರಣ) ಬಾಡಿಗೆಗೋ ಕಡವಾಗಿಯೋ ಸಿಕ್ಕರೆ ಅದೇ ಸರಿ. ಆ ಮೀಟರಿನ ಲೆಕ್ಕದಲ್ಲಿ ಅಕ್ರೊಪೋರಾಕ್ಕೆ 250ರಿಂದ 350, ಮಾಂಟಿಪೋರಾ ಹವಳಕ್ಕೆ 150ರಿಂದ 250, ಉದ್ದ ಎಳೆಗಳ ಹ್ಯಾಮರ್ ಮತ್ತು ಫ್ರಾಗ್‌ಸ್ಪಾನ್ ಹವಳಗಳಿಗೆ 80ರಿಂದ 150 ಸಾಕು. ಮೀಟರ್ ಇಲ್ಲದಿದ್ದರೆ ಎಲ್ಲವನ್ನೂ ಮರಳಿನ ಮೇಲೆ ಇಟ್ಟು ಶುರುಮಾಡಿ, ವಾರಕ್ಕೆ 10 ಸೆಂ.ಮೀ.ನಂತೆ ಮೇಲಕ್ಕೆ ಏರಿಸಿ. ಬಣ್ಣ ಬಿಳಿಚಿದರೆ ಬೆಳಕು ಹೆಚ್ಚಾಯಿತು. ಕಂದಾದರೆ ಬೆಳಕು ಸಾಲದು, ಇಲ್ಲವೇ ನೈಟ್ರೇಟ್ ಹೆಚ್ಚಿದೆ. ಬಿಳಿಚುವಿಕೆ ಮೂರ್ನಾಲ್ಕು ದಿನದಲ್ಲೇ ಕಾಣಬಹುದು, ಕಂದಾಗಲು ವಾರಗಳು ಬೇಕು. ಆದ್ದರಿಂದ ತಪ್ಪುವುದಾದರೆ ಕಡಿಮೆ ಬೆಳಕಿನ ಕಡೆಗೇ ತಪ್ಪಿ. ಟ್ರಾಕಿಫಿಲಿಯಾ ಹವಳ ಮಾತ್ರ ಕೊನೆಯವರೆಗೂ ಮರಳಿನಲ್ಲೇ ಇರಲಿ. ಬಂಡೆಯ ಮೇಲಿಟ್ಟರೆ ಊದಿಕೊಂಡಾಗ ಮಾಂಸ ಒರಟು ಕಲ್ಲಿಗೆ ಉಜ್ಜಿ ಹರಿಯುತ್ತದೆ.

ನೀರಿನ ಓಟವನ್ನು ಕಣ್ಣಲ್ಲೇ ಅಳೆಯಬಹುದು. ಹ್ಯಾಮರ್‌ನ ಎಳೆಗಳು ಗಾಳಿಗೆ ತೂಗುವ ಪೈರಿನಂತೆ ಆಚೆಗೂ ಈಚೆಗೂ ಬಾಗಬೇಕು. ಒಂದೇ ಕಡೆಗೆ ಒತ್ತಿ ಮಲಗಿದ್ದರೆ ಪಂಪು ನೇರವಾಗಿ ಹೊಡೆಯುತ್ತಿದೆ. ಹಾಗೆಯೇ ಬಿಟ್ಟರೆ ಆ ಬದಿಯ ಮಾಂಸ ಹವಳದ ಸುಣ್ಣದ ಎಲುಬಿನ ಅಂಚಿಗೆ ತಿಕ್ಕಿ ಸೀಳುತ್ತದೆ. ಅಕ್ರೊಪೋರಾಕ್ಕೆ ಇದರ ಎರಡು ಪಾಲು ರಭಸ ಬೇಕು, ಅದೂ ದಿಕ್ಕು ಬದಲಾಗುತ್ತಲೇ ಇರಬೇಕು. ಪಂಪನ್ನು ಎದುರಿನ ಗಾಜಿಗೆ ತಿರುಗಿಸಿ, ಒಡೆದ ಅಲೆ ಅದಕ್ಕೆ ಸಿಗಲಿ.

ಇನ್ನು ನೆರೆಹೊರೆ. ಹಗಲು ಸಾಧುವಾಗಿ ಕಾಣುವ ಗ್ಯಾಲಾಕ್ಸಿಯಾ ಹವಳ ರಾತ್ರಿ 20 ಸೆಂ.ಮೀ.ಗೂ ಉದ್ದದ ಕುಟುಕು ಎಳೆಗಳನ್ನು ಚಾಚಬಲ್ಲದು. ದೀಪ ಆರಿ ಎರಡು ಗಂಟೆಯಾದ ಮೇಲೆ ಕೆಂಪು ಬೆಳಕು ಹಾಕಿ ನೋಡಿ, ಯಾರ ಕೈ ಎಲ್ಲಿಯವರೆಗೆ ಎಂದು ಗೊತ್ತಾಗುತ್ತದೆ. ಹ್ಯಾಮರ್ ಮತ್ತು ಫ್ರಾಗ್‌ಸ್ಪಾನ್ ತಾಗಿಕೊಂಡಿದ್ದರೂ ಸಾಮಾನ್ಯವಾಗಿ ಜಗಳವಿಲ್ಲ. ಟಾರ್ಚ್ ಹವಳವನ್ನು ಮಾತ್ರ 15 ಸೆಂ.ಮೀ. ದೂರವಿಡಿ, ಅದು ಇಬ್ಬರನ್ನೂ ಸುಡುತ್ತದೆ.

ಈಗ ಅಂಟು. ಬಂಡೆಯ ಜಾಗವನ್ನು ಹಳೆ ಟೂತ್‌ಬ್ರಶ್ಶಿನಿಂದ ಉಜ್ಜಿ. ಲೋಳೆಯ ಮೇಲೆ ಯಾವ ಅಂಟೂ ನಿಲ್ಲದು. ಪಂಪು ನಿಲ್ಲಿಸಿ. ಎಪಾಕ್ಸಿ ಪುಟ್ಟಿಯನ್ನು ಅಡಿಕೆ ಗಾತ್ರದ ಉಂಡೆ ಮಾಡಿ, ಅದರ ಎರಡೂ ಬದಿಗೆ ಸೂಪರ್ ಗ್ಲೂ ಜೆಲ್ ಹಚ್ಚಿ, ಒಂದು ಬದಿಗೆ ಪ್ಲಗ್ ಒತ್ತಿ ನೀರಿಗೆ ಇಳಿಸಿ. ನೀರು ತಾಗಿದೊಡನೆ ಜೆಲ್ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಒತ್ತುವಾಗ ಎಡಕ್ಕೂ ಬಲಕ್ಕೂ ತುಸು ತಿರುಚಿದರೆ ಪೊರೆ ಒಡೆದು ಒಳಗಿನ ಹಸಿ ಅಂಟು ಕಲ್ಲು ಹಿಡಿಯುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಫ್ರ್ಯಾಗ್ (ಹವಳದ ತುಂಡು) ಮರಳಿನಲ್ಲಿ ಬಿದ್ದಿದೆ ಎನ್ನುವವರಲ್ಲಿ ಹೆಚ್ಚಿನವರು ಮರೆತದ್ದು ಈ ತಿರುಚನ್ನೇ. ಒಂದೇ ದಿನ ತುಂಬಾ ಪುಟ್ಟಿ ಬಳಸಿದರೆ ಸ್ಕಿಮ್ಮರ್ (ನೊರೆಯೊಂದಿಗೆ ನೀರಿನ ಕೊಳೆ ತೆಗೆಯುವ ಉಪಕರಣ) ನೊರೆ ಉಕ್ಕಿಸುತ್ತದೆ.

ಜಾಗ ಸರಿಯಿದ್ದೂ ಹವಳ ಕುಗ್ಗುತ್ತಿದ್ದರೆ ಮೊದಲು ಅಲ್ಕಲಿನಿಟಿ (ಹವಳ ಎಲುಬು ಕಟ್ಟಲು ಬಳಸುವ, ನೀರಿನ ಕ್ಷಾರೀಯತೆ; ಅಳತೆ ಡಿಕೆಎಚ್‌ನಲ್ಲಿ) ನೋಡಿ. 8ರಿಂದ 9 ಡಿಕೆಎಚ್ ಒಳ್ಳೆಯದು, ಆದರೆ 7.5ರಲ್ಲಿ ನೆಟ್ಟಗೆ ನಿಂತ ಟ್ಯಾಂಕು, 7 ಮತ್ತು 9ರ ನಡುವೆ ಜೀಕುವ ಟ್ಯಾಂಕಿಗಿಂತ ಮೇಲು. ಒಂದು ಡಿಕೆಎಚ್ ಖರ್ಚಾದರೆ ಕ್ಯಾಲ್ಸಿಯಂ ಲೀಟರಿಗೆ ಸುಮಾರು 7 ಮಿ.ಗ್ರಾಂ. ಮಾತ್ರ ಇಳಿಯುತ್ತದೆ, 420 ಇದ್ದದ್ದು 413 ಆದರೆ ಮನೆಯ ಕಿಟ್‌ಗೆ ಕಾಣುವುದೇ ಇಲ್ಲ. ಆದ್ದರಿಂದ ಡೋಸಿಂಗ್ (ಖರ್ಚಾದದ್ದನ್ನು ಮತ್ತೆ ಹಾಕುವುದು) ನಿಲ್ಲಿಸಿ, ಎರಡು ದಿನ ಅಂತರದಲ್ಲಿ ಒಂದೇ ಹೊತ್ತಿಗೆ ಅಲ್ಕಲಿನಿಟಿಯನ್ನೇ ಪರೀಕ್ಷಿಸಿ. 8.6 ಇದ್ದದ್ದು 7.8 ಆಯಿತೆನ್ನಿ, ದಿನಕ್ಕೆ 0.4 ಖರ್ಚು. 100 ಲೀಟರ್ ನೀರಿಗೆ 1 ಡಿಕೆಎಚ್ ಏರಿಸಲು 3 ಗ್ರಾಂ ಅಡುಗೆ ಸೋಡಾ ಬೇಕು, ಅಂದರೆ 200 ಲೀಟರಿಗೆ ದಿನಕ್ಕೆ 2.4 ಗ್ರಾಂ. ಅಡುಗೆ ಸೋಡಾ, ಬೇಕಿಂಗ್ ಪೌಡರ್ ಅಲ್ಲ! ಬಂಡೆ, ಮರಳು ಕಳೆದು ಉಳಿದ ನೀರನ್ನೇ ಲೆಕ್ಕ ಹಿಡಿಯಿರಿ. ಕ್ಯಾಲ್ಸಿಯಂ ಏರಿಸಲು ಹಾಕುವ ಕ್ಯಾಲ್ಸಿಯಂ ಕ್ಲೋರೈಡನ್ನು ಸೋಡಾದೊಟ್ಟಿಗೇ ಸುರಿದರೆ ಎರಡೂ ಸೇರಿ ಸುಣ್ಣದ ಪುಡಿಯಾಗಿ ತಳಕ್ಕೆ ಕೂರುತ್ತವೆ. ಮೆಗ್ನೀಸಿಯಂ ಲೀಟರಿಗೆ 1300 ಮಿ.ಗ್ರಾಂ. ಆಸುಪಾಸು ಇರಲಿ.

ಬೆಂಗಳೂರಿನಲ್ಲಿ ಬೋರ್‌ವೆಲ್ ನೀರನ್ನು ಆರ್‌ಒ ಡಿಐ ಶೋಧಕ ದಾಟಿಸಿ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಅಳತೆ) 0 ಮಾಡಿದ ಮೇಲೇ ಬಳಸಿ. ಬೇಸಿಗೆಯಲ್ಲಿ ನೀರಿನ ಮೇಲೆ ಫ್ಯಾನ್ ಬೀಸಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಆವಿಯಾದಷ್ಟಕ್ಕೆ ಸಿಹಿನೀರು ತುಂಬಿ, ಉಪ್ಪುನೀರಲ್ಲ. ಕರೆಂಟು ಹೋದಾಗ ಇನ್ವರ್ಟರ್ ಮೊದಲು ಪಂಪಿಗೆ, ಲೈಟು ಒಂದು ದಿನ ಆರಿದರೂ ಯಾರೂ ಸಾಯುವುದಿಲ್ಲ.

ಹ್ಯಾಮರ್‌ನ ಒಂದು ತಲೆಯ ಮೇಲೆ ಕಂದು ಲೋಳೆ ಕಂಡರೆ ಪಂಪು ನಿಲ್ಲಿಸಿ, ಪೈಪಿನಿಂದ ಹೀರಿ ತೆಗೆದು, ಆ ತಲೆಯನ್ನು ಕತ್ತರಿಸಿ ಎಸೆಯಿರಿ. ಪಕ್ಕದ ತಲೆಗೆ ಹಬ್ಬಲು ಒಂದೆರಡು ದಿನ ಸಾಕು. ಅಕ್ರೊಪೋರಾ ಬುಡದಿಂದ ಬೆಳ್ಳಗಾಗುತ್ತಾ ಬಂದರೆ ಕಾಯಬೇಡಿ. ಬಿಳಿ ಗೆರೆಗಿಂತ ಒಂದು ಸೆಂ.ಮೀ. ಮೇಲೆ, ಜೀವ ಇರುವ ಕಡೆಯೇ ಕತ್ತರಿಸಿ, ತುದಿಗಳನ್ನು ಹೊಸ ಪ್ಲಗ್‌ಗೆ ಅಂಟಿಸಿ ಬೇರೆ ಮೂಲೆಯಲ್ಲಿಡಿ.