ಅನ್‌ಲಿಮಿಟೆಡ್ ಪ್ಲಾನ್ ತಗೊಂಡರೂ ಸರದಿಯಲ್ಲಿ ನಿಲ್ಲಲೇಬೇಕು

ಅಮೆರಿಕದಲ್ಲಿ ಮೊಬೈಲ್ ನೆಟ್ ಸಿಕ್ಕಾಪಟ್ಟೆ ಸ್ಪೀಡು, ಎಷ್ಟು ಬೇಕಾದರೂ ಬಳಸಬಹುದು ಅಂತ ಊರಿನಲ್ಲಿ ಬಹಳ ಜನ ಅಂದುಕೊಂಡಿದ್ದಾರೆ. ತಿಂಗಳ ಬಿಲ್ ಎಷ್ಟು ಅಂತ ಹೇಳಿದರೆ ಗಾಬರಿ ಬೀಳುತ್ತಾರೆ. ವೆರೈಝನ್, ಎಟಿ ಆಂಡ್ ಟಿ, ಟಿ-ಮೊಬೈಲ್ ಇಲ್ಲಿನ ಮೂರು ದೊಡ್ಡ ಕಂಪನಿಗಳು. ಇವುಗಳಲ್ಲಿ ಒಬ್ಬರೇ ಹೋಗಿ ಅನ್‌ಲಿಮಿಟೆಡ್ ಪ್ಲಾನ್ ತಗೊಂಡರೆ ತಿಂಗಳಿಗೆ ಸುಮಾರು 60ರಿಂದ 100 ಡಾಲರ್. ರೂಪಾಯಿ ಲೆಕ್ಕದಲ್ಲಿ ಕಡಿಮೆ ಅಂದರೂ 5,000 ದಾಟುತ್ತದೆ. ಸಂಬಳವೂ ಡಾಲರ್‌ನಲ್ಲೇ ಬರುತ್ತದೆ, ಆದ್ದರಿಂದ ಆ ಗುಣಾಕಾರ ಮಾಡಿ ಕೊರಗುವುದು ಬೇಡ. ಆದರೆ ಅಷ್ಟು ಕೊಟ್ಟ ಮೇಲೆ ಏನು ಸಿಗುತ್ತದೆ ಅನ್ನುವುದನ್ನು ನೇರವಾಗಿ ಹೇಳುವುದಿಲ್ಲವಲ್ಲ, ಅದು ನನಗೆ ನಿಜಕ್ಕೂ ಬೇಸರ ತರಿಸುತ್ತದೆ.

ಬೆಲೆ ಬರೆಯುವ ರೀತಿಯಲ್ಲೇ ಶುರುವಾಗುತ್ತದೆ. ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ 35 ಡಾಲರ್ ಅಂತ ಇರುತ್ತದೆ. ನಾಲ್ಕು ಲೈನ್, ಅಂದರೆ ನಾಲ್ಕು ನಂಬರ್, ಒಟ್ಟಿಗೆ ತಗೊಂಡರೆ ಒಂದೊಂದಕ್ಕೆ ಬೀಳುವ ಬೆಲೆ ಅದು. ಒಂಟಿಯಾಗಿ ಹೋದವರಿಗೆ ಹೆಚ್ಚುಕಮ್ಮಿ ಎರಡರಷ್ಟು. ಅದೂ ಆಟೋಪೇ, ಅಂದರೆ ತಿಂಗಳ ಬಿಲ್ ತಾನಾಗಿಯೇ ಕಟ್ಟಿಹೋಗುವ ಏರ್ಪಾಡು, ಹಾಕಿದರೆ ಮಾತ್ರ. ಹಲವು ಕಡೆ ಬ್ಯಾಂಕ್ ಖಾತೆಯಿಂದಲೇ ಕಟ್ಟಬೇಕು, ಕ್ರೆಡಿಟ್ ಕಾರ್ಡ್ ಕೊಟ್ಟರೆ ರಿಯಾಯಿತಿ ಕಡಿಮೆ ಅಥವಾ ಇಲ್ಲವೇ ಇಲ್ಲ. ಅದರ ಮೇಲೆ ತೆರಿಗೆ, ಇನ್ನೇನೋ ಸರ್‌ಚಾರ್ಜ್. ಊರಿನಲ್ಲಿ 299 ರೂಪಾಯಿ ರೀಚಾರ್ಜ್ ಅಂದರೆ 299 ರೂಪಾಯಿಯೇ. ಇಲ್ಲಿ ಮೊದಲ ಬಿಲ್ ಬರುವವರೆಗೂ ನಿಜವಾದ ಮೊತ್ತ ಗೊತ್ತಾಗುವುದಿಲ್ಲ.

ಅದಕ್ಕೇ ನಮ್ಮವರು ಗುಂಪು ಕಟ್ಟುತ್ತಾರೆ. ಎಂಎಸ್ ಮಾಡಲು ಬಂದ ಹುಡುಗರ ಫ್ಯಾಮಿಲಿ ಪ್ಲಾನ್ ನೋಡಿದರೆ ಅದರಲ್ಲಿ ಹಾಸನದವನೊಬ್ಬ, ಧಾರವಾಡದವಳೊಬ್ಬಳು, ಗುಂಟೂರಿನವನೊಬ್ಬ ಇರುತ್ತಾರೆ. ಓದು ಮುಗಿದು ಒಬ್ಬ ಟೆಕ್ಸಾಸ್‌ಗೆ, ಇನ್ನೊಬ್ಬಳು ಸಿಯಾಟಲ್‌ಗೆ ಹೋದರೂ ಪ್ಲಾನ್ ಮಾತ್ರ ಒಂದೇ. ಯಾರಾದರೂ ಬಿಟ್ಟರೆ ಉಳಿದವರ ಬಿಲ್ ಏರುತ್ತದೆ. ಮದುವೆಯಾದ ಮೇಲೆ ಹಳೇ ರೂಮ್‌ಮೇಟ್‌ಗಳಿಗೆ ಮುಜುಗರದಿಂದ ಮೆಸೇಜ್ ಹಾಕಿ ಪ್ಲಾನ್‌ನಿಂದ ಹೊರಬಂದವರನ್ನು ನಾನು ನೋಡಿದ್ದೇನೆ.

ಇನ್ನು ಡೇಟಾದ ವಿಷಯ. ಕಳೆದ ದೀಪಾವಳಿಗೆ ಇಲ್ಲಿನ ಒಂದು ಶಾಲೆಯ ಸಭಾಂಗಣದಲ್ಲಿ ಕಾರ್ಯಕ್ರಮ ಇತ್ತು. ಮಗಳು ಕುಣಿಯುವುದನ್ನು ಅಮ್ಮನಿಗೆ ತೋರಿಸೋಣ ಅಂತ ವಿಡಿಯೋ ಕಾಲ್ ಮಾಡಿದೆ. ಇಲ್ಲಿ ಸಂಜೆ, ಶಿವಮೊಗ್ಗದಲ್ಲಿ ಬೆಳಗ್ಗೆ ಏಳು ಗಂಟೆಯ ಹೊತ್ತು. ಅಮ್ಮ ಸ್ನಾನ ಮಾಡಿ, ಕಾಫಿ ಹಿಡಿದು ಕಾದು ಕೂತಿದ್ದಳು. ನನ್ನ ಫೋನಿನಲ್ಲಿ 5ಜಿ ಅಂತ ಇದೆ, ಸಿಗ್ನಲ್ ಕಡ್ಡಿಗಳೆಲ್ಲ ತುಂಬಿವೆ. ಆದರೆ ಅಮ್ಮ, "ಏನೂ ಕಾಣ್ತಿಲ್ಲ ಕಣೇ, ಬರೀ ಚೌಕ ಚೌಕ ಬರ್ತಿದೆ" ಅಂದಳು. ಪಕ್ಕದಲ್ಲಿ ಕೂತಿದ್ದ ಗೆಳತಿಯದ್ದೂ ಅದೇ ಕಂಪನಿ, ಅದೇ ಟವರ್. ಅವಳ ಫೋನಿನಿಂದ ಕಾಲ್ ಮಾಡಿದರೆ ಹಾಡು, ಹೆಜ್ಜೆ ಎಲ್ಲ ಸಲೀಸಾಗಿ ಹೋಯಿತು. ಅವಳದ್ದು ನನ್ನದಕ್ಕಿಂತ ಒಂದು ಹಂತ ಮೇಲಿನ ಪ್ಲಾನ್. ನನ್ನದೂ ಅನ್‌ಲಿಮಿಟೆಡ್, ಅವಳದ್ದೂ ಅನ್‌ಲಿಮಿಟೆಡ್.

ಹೀಗಾಗುವುದು ಯಾಕೆ ಅಂತ ಅಂಗಡಿಯಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ, ಆದ್ದರಿಂದ ಇಲ್ಲಿ ಬರೆಯುತ್ತೇನೆ. ಒಂದು ಟವರ್ ಒಂದು ಕ್ಷಣಕ್ಕೆ ಇಷ್ಟೇ ಡೇಟಾ ಸಾಗಿಸಬಲ್ಲದು. ನೂರಾರು ಜನ ಒಂದೇ ಸಲ ಕೇಳಿದಾಗ ಯಾರಿಗೆ ಮೊದಲು ಕೊಡಬೇಕು ಅನ್ನುವುದಕ್ಕೆ ಪ್ರತಿ ಸಿಮ್‌ಗೂ ಒಂದು ದರ್ಜೆ ಇರುತ್ತದೆ. ತಂತ್ರಜ್ಞರು ಅದನ್ನು ಕ್ಯೂಸಿಐ ಅನ್ನುತ್ತಾರೆ. ದುಬಾರಿ ಪ್ಲಾನ್‌ಗೆ ಮೇಲಿನ ದರ್ಜೆ. ಅಗ್ಗದ ಪ್ಲಾನ್‌ಗೆ ಮೊದಲ ದಿನದಿಂದಲೇ ಕೆಳಗಿನ ದರ್ಜೆ. ಮಧ್ಯದವಕ್ಕೆ ತಿಂಗಳಲ್ಲಿ ಇಂತಿಷ್ಟು ಜಿಬಿ ತನಕ ಮೇಲೆ, ಆಮೇಲೆ ಕೆಳಗೆ. ದೇವಸ್ಥಾನದಲ್ಲಿ ವಿಶೇಷ ದರ್ಶನದ ಟಿಕೆಟ್ ಇರುತ್ತದಲ್ಲ, ಹಾಗೆ. ಜನ ಇಲ್ಲದ ದಿನ ಎರಡು ಸಾಲೂ ಒಂದೇ. ಜಾತ್ರೆಯ ದಿನ ಧರ್ಮದರ್ಶನದ ಸಾಲು ನಿಂತಲ್ಲೇ ನಿಲ್ಲುತ್ತದೆ. ಫೋನಿನ ಕಡ್ಡಿಗಳು ಟವರ್ ಎಷ್ಟು ಚೆನ್ನಾಗಿ ಕೇಳಿಸುತ್ತಿದೆ ಅಂತ ಮಾತ್ರ ಹೇಳುತ್ತವೆ. ಸಾಲಿನಲ್ಲಿ ನಾವು ಎಲ್ಲಿದ್ದೇವೆ ಅಂತ ಎಲ್ಲೂ ತೋರಿಸುವುದಿಲ್ಲ.

ಇದರ ಜೊತೆ ಇನ್ನೆರಡು ಕಡಿವಾಣ. ಹಲವು ಪ್ಲಾನ್‌ಗಳಲ್ಲಿ ವಿಡಿಯೋದ ಸ್ಪಷ್ಟತೆ 480ಪಿಗಿಂತ, ಅಂದರೆ ಹಳೇ ಡಿವಿಡಿ ಮಟ್ಟಕ್ಕಿಂತ, ಮೇಲೆ ಹೋಗುವುದಿಲ್ಲ. ಫೋನಿನ ನೆಟ್ ಬೇರೆ ಸಾಧನಕ್ಕೆ ಹಂಚುವ ಹಾಟ್‌ಸ್ಪಾಟ್‌ಗೆ ಬೇರೆಯೇ ಮಿತಿ. ಅದು ಮುಗಿದರೆ ಸ್ಪೀಡು 600 ಕೆಬಿಪಿಎಸ್‌ಗೋ ಇನ್ನೂ ಕೆಳಗೋ ಇಳಿಯುತ್ತದೆ, ಆಫೀಸಿನ ಕೆಲಸ ಮಾಡಲು ಆಗುವುದಿಲ್ಲ. ಒಂದೇ ಸಿಮ್, ಅದೇ ಡೇಟಾ. ಫೋನಿನಲ್ಲಿ ನೋಡಿದರೆ ಒಂದು ಲೆಕ್ಕ, ಲ್ಯಾಪ್‌ಟಾಪ್‌ಗೆ ಹಂಚಿದರೆ ಇನ್ನೊಂದು. ಇದಕ್ಕೆ ಸಮಾಧಾನವಾಗುವ ಕಾರಣವನ್ನು ನನಗೆ ಯಾರೂ ಕೊಟ್ಟಿಲ್ಲ.

ಬರೀ ಡ್ಯಾನ್ಸ್ ನೋಡಲಿಲ್ಲ ಅನ್ನುವಷ್ಟಕ್ಕೇ ಇದು ನಿಲ್ಲುವುದಿಲ್ಲ. ಸನಿವೇಲ್, ಕೂಪರ್ಟಿನೊ, ಸ್ಯಾನ್ ಹೋಸೆ ಎಲ್ಲ ಸೇರುವ, ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿಯಲ್ಲಿ (ನಮ್ಮ ಜಿಲ್ಲೆಯಂಥದ್ದು) ಕನ್ನಡಿಗರು ಬಹಳ ಇದ್ದಾರೆ. 2018ರ ಬೇಸಿಗೆಯಲ್ಲಿ ಈ ಕೌಂಟಿಯ ಅಗ್ನಿಶಾಮಕ ಪಡೆ ಉತ್ತರಕ್ಕೆ ಮೆಂಡಸಿನೊ ಕಾಂಪ್ಲೆಕ್ಸ್ ಕಾಡ್ಗಿಚ್ಚು ಆರಿಸಲು ಹೋಗಿತ್ತು. ಅದು ಆವರೆಗಿನ ಕ್ಯಾಲಿಫೋರ್ನಿಯಾದ ಅತಿ ದೊಡ್ಡ ಕಾಡ್ಗಿಚ್ಚು. ಯಾವ ವಾಹನ ಎಲ್ಲಿಗೆ ಹೋಗಬೇಕು, ಎಲ್ಲಿ ಸಿಬ್ಬಂದಿ ಕಡಿಮೆ ಇದ್ದಾರೆ ಅಂತ ಲೆಕ್ಕ ಇಡುವ ಅವರ ಒಂದು ವಾಹನಕ್ಕೆ ವೆರೈಝನ್ ಸಿಮ್‌ನಿಂದ ನೆಟ್ ಬರುತ್ತಿತ್ತು. ಪ್ಲಾನ್ ಹೆಸರಿಗೆ ಅನ್‌ಲಿಮಿಟೆಡ್. 25 ಜಿಬಿ ದಾಟಿದ್ದೇ ತಡ, ಸ್ಪೀಡು 200ರಲ್ಲಿ ಒಂದು ಪಾಲಿಗೆ ಇಳಿಯಿತು. ಬೆಂಕಿ ಉರಿಯುತ್ತಿರುವಾಗ ಕಂಪನಿಗೆ ಇಮೇಲ್ ಮಾಡಿ ಮಿತಿ ತೆಗೆಯಿರಿ ಅಂತ ಕೇಳಿದರು. ಬಂದ ಉತ್ತರ, ಎರಡರಷ್ಟಕ್ಕಿಂತ ಜಾಸ್ತಿ ಬೆಲೆಯ ಪ್ಲಾನ್‌ಗೆ ಬದಲಾಯಿಸಿಕೊಳ್ಳಿ ಅಂತ. ಸಿಬ್ಬಂದಿ ತಮ್ಮ ಸ್ವಂತ ಫೋನ್‌ಗಳನ್ನೂ ಬಳಸಿ ಕೆಲಸ ಸಾಗಿಸಿದರು. ಪಡೆಯ ಮುಖ್ಯಸ್ಥ ಆಂಥೊನಿ ಬೌಡನ್ ಇದನ್ನೆಲ್ಲ ಕೋರ್ಟ್‌ಗೆ ಕೊಟ್ಟ ಹೇಳಿಕೆಯಲ್ಲಿ ಬರೆದ ಮೇಲೆಯೇ ಹೊರಗಿನವರಿಗೆ ಗೊತ್ತಾಗಿದ್ದು. ಆಮೇಲೆ ಕಂಪನಿ ತಪ್ಪಾಯಿತು ಅಂದಿತು, ತುರ್ತು ಸೇವೆಯವರಿಗೆ ಮಿತಿ ತೆಗೆಯಿತು. ಕಾಡ್ಗಿಚ್ಚಿನ ಹೊಗೆ ಈ ಕೌಂಟಿಯೂ ಸೇರಿದ ಬೇ ಏರಿಯಾಕ್ಕೆ ಬಂದಾಗೆಲ್ಲ ನನಗೆ ಈ 25 ಜಿಬಿ ನೆನಪಾಗುತ್ತದೆ.

ಇದಕ್ಕೆ ಹಳೆಯ ಚರಿತ್ರೆಯೂ ಇದೆ. ಐಫೋನ್ ಬಂದ ಹೊಸದರಲ್ಲಿ ಎಟಿ ಆಂಡ್ ಟಿ ಅನ್‌ಲಿಮಿಟೆಡ್ ಡೇಟಾ ಕೊಡುತ್ತಿತ್ತು. 2010ರಲ್ಲಿ ಹೊಸಬರಿಗೆ ನಿಲ್ಲಿಸಿತು. ಹಳಬರಿಗೆ ಪ್ಲಾನ್ ಉಳಿಯಿತು, ಆದರೆ 2011ರಿಂದ ಜಾಸ್ತಿ ಬಳಸುವವರ ಸ್ಪೀಡು ಇಳಿಸಲು ಶುರು ಮಾಡಿತು. ಕೆಲವರಿಗೆ ತಿಂಗಳಲ್ಲಿ 2 ಜಿಬಿ ಆದ ಕೂಡಲೇ. 2014ರಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಕೇಸ್ ಹಾಕಿತು. ಹೀಗೆ ಸ್ಪೀಡು ಕಳೆದುಕೊಂಡ ಗ್ರಾಹಕರು 35 ಲಕ್ಷಕ್ಕೂ ಹೆಚ್ಚು ಅಂತ ಆ ಕಮಿಷನ್ ಹೇಳಿತು. ಕೇಸ್ ಐದು ವರ್ಷ ಎಳೆದು, 2019ರಲ್ಲಿ ಕಂಪನಿ 6 ಕೋಟಿ ಡಾಲರ್ ಕೊಡಲು ಒಪ್ಪಿತು. ಭಾಗಿಸಿ ನೋಡಿದರೆ ತಲೆಗೆ ಸುಮಾರು 17 ಡಾಲರ್. ಒಂದು ತಿಂಗಳ ಬಿಲ್‌ಗೂ ಸಾಲದು.

2024ರಲ್ಲಿ ಇನ್ನೆರಡು ಬದಲಾವಣೆ ಆದವು. ಹೆಚ್ಚುಕಮ್ಮಿ ಎಲ್ಲ ರಾಜ್ಯಗಳ ಅಟಾರ್ನಿ ಜನರಲ್‌ಗಳು, ಅಂದರೆ ಸರ್ಕಾರದ ಮುಖ್ಯ ವಕೀಲರು, ಸೇರಿ ಮೂರೂ ಕಂಪನಿಗಳಿಂದ ಒಟ್ಟು 1 ಕೋಟಿ ಡಾಲರ್‌ಗೂ ಸ್ವಲ್ಪ ಹೆಚ್ಚು ವಸೂಲಿ ಮಾಡಿದರು. ಅನ್‌ಲಿಮಿಟೆಡ್ ಅಂತ ಜಾಹೀರಾತು ಕೊಟ್ಟರೆ ಮಿತಿಗಳನ್ನೂ ಸ್ಪಷ್ಟವಾಗಿ ಹೇಳಬೇಕು ಅಂತ ಒಪ್ಪಿಸಿದರು. ಅದೇ ವರ್ಷ ಏಪ್ರಿಲ್‌ನಿಂದ ದೊಡ್ಡ ಕಂಪನಿಗಳು ಪ್ರತಿ ಪ್ಲಾನ್‌ಗೂ ಒಂದು ಲೇಬಲ್ ಹಾಕಬೇಕು ಅಂತ ನಿಯಮ ಬಂತು. ಬಿಸ್ಕತ್ ಪ್ಯಾಕೆಟ್ ಹಿಂದೆ ಕ್ಯಾಲೊರಿ ಬರೆದಿರುತ್ತದಲ್ಲ, ಅದೇ ಮಾದರಿ. ತಿಂಗಳ ಬೆಲೆ, ಎಷ್ಟು ಡೇಟಾ, ಸಾಮಾನ್ಯ ಸ್ಪೀಡು ಎಲ್ಲ ಅದರಲ್ಲಿದೆ. ಒಳ್ಳೆಯ ಕೆಲಸ, ಮನಸಾರೆ ಹೊಗಳುತ್ತೇನೆ. ಆದರೆ ದಟ್ಟಣೆಯಲ್ಲಿ ಯಾರು ಹಿಂದೆ ನಿಲ್ಲಬೇಕು ಅನ್ನುವುದು ಆ ಲೇಬಲ್ ಕೊಡುವ ಒಂದು ಲಿಂಕ್‌ನ ಹಿಂದೆ ಉದ್ದನೆಯ ಪುಟದಲ್ಲಿದೆ. ಅದು ಬೆಲೆಯ ಪಕ್ಕದಲ್ಲೇ, ಬೆಲೆಯಷ್ಟೇ ದೊಡ್ಡ ಅಕ್ಷರದಲ್ಲಿ ಇರಬೇಕು. ನಾನು ಕೇಳುವುದು ಇಷ್ಟೇ.

ಊರಿನಲ್ಲಿ ದಿನಕ್ಕೆ 1.5 ಜಿಬಿ, 2 ಜಿಬಿ ಅಂತ ನೇರವಾಗಿ ಬರೆದಿರುತ್ತದೆ. ಮುಗಿದರೆ 64 ಕೆಬಿಪಿಎಸ್ ಅಂತಲೂ ಇರುತ್ತದೆ. ಅಲ್ಲಿನ ಜನ ಬೈದುಕೊಳ್ಳುತ್ತಾರೆ, ಆದರೆ ಅಂಕಿ ಕಣ್ಣ ಮುಂದಿದೆ. 2024ರ ಜುಲೈನಲ್ಲಿ ದರ ಏರಿದಾಗ ಜಿಯೋ, ಏರ್‌ಟೆಲ್ ಎರಡೂ ಅನ್‌ಲಿಮಿಟೆಡ್ 5ಜಿಯನ್ನು ದಿನಕ್ಕೆ 2 ಜಿಬಿ ಮತ್ತು ಮೇಲಿನ ಪ್ಯಾಕ್‌ಗಳಿಗೆ ಸೀಮಿತ ಮಾಡಿದವು. ಒಳ್ಳೆಯ ನೆಟ್ ಬೇಕಾದರೆ ಮೇಲಿನ ಪ್ಲಾನ್‌ಗೆ ಏರಿ ಅನ್ನುವ ದಾರಿ ಅಲ್ಲೂ ಶುರುವಾಗಿದೆ. ಮುಂದಿನ ರೀಚಾರ್ಜ್ ಮಾಡುವಾಗ ನಿಯಮಗಳ ಪುಟ ಒಮ್ಮೆ ತೆರೆದು ನೋಡಿ.

ಆಗಸ್ಟ್‌ನಲ್ಲಿ ಓದಲು ಬರುವ ಮಕ್ಕಳಿಗೆ ಒಂದು ಮಾತು. ಬಂದ ವಾರವೇ ಅಂಗಡಿಗೆ ಹೋಗಿ "ಉಚಿತ" ಫೋನಿಗೆ ಸಹಿ ಹಾಕಬೇಡಿ. ಆ ಫೋನಿನ ಬೆಲೆಯನ್ನು ಹಲವು ಕಡೆ 36 ತಿಂಗಳು ಬಿಲ್‌ನಲ್ಲಿ ಸ್ವಲ್ಪ ಸ್ವಲ್ಪವಾಗಿ ಕಳೆಯುತ್ತಾರೆ. ನಡುವೆ ಬಿಟ್ಟರೆ ಉಳಿದದ್ದು ನೀವೇ ಕಟ್ಟಬೇಕು. ಅದಕ್ಕೆ ದುಬಾರಿ ಪ್ಲಾನೇ ಬೇಕು ಅನ್ನುವ ಷರತ್ತೂ ಇರಬಹುದು. ಊರಿನ ಫೋನನ್ನೇ ತನ್ನಿ. ಮಿಂಟ್, ವಿಸಿಬಲ್ ತರಹದ ಪ್ರೀಪೇಯ್ಡ್ ಕಂಪನಿಗಳು ದೊಡ್ಡವರ ಟವರ್ ಮೇಲೆಯೇ ನಡೆಯುತ್ತವೆ, ತಿಂಗಳಿಗೆ 15ರಿಂದ 30 ಡಾಲರ್ ಒಳಗೆ ಸಿಗುತ್ತದೆ. ದಟ್ಟಣೆಯಲ್ಲಿ ಹಿಂದೆ ನಿಲ್ಲಬೇಕಾಗಬಹುದು, ಆದರೆ ಕ್ಯಾಂಪಸ್‌ನಲ್ಲಿ, ಮನೆಯಲ್ಲಿ ವೈಫೈ ಇದ್ದೇ ಇರುತ್ತದೆ. ಎರಡು ತಿಂಗಳಾದ ಮೇಲೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಎಷ್ಟು ಜಿಬಿ ಖರ್ಚಾಗಿದೆ ನೋಡಿ. ಹತ್ತು ಜಿಬಿ ದಾಟಿರದಿದ್ದರೆ ನಿಮಗೆ ಅನ್‌ಲಿಮಿಟೆಡ್ ಬೇಕಾಗಿಲ್ಲ. ದಾಟಿದ್ದರೆ ಅಂಗಡಿಗೆ ಹೋಗಿ ಎಷ್ಟು ಜಿಬಿ ಆದ ಮೇಲೆ ಹಿಂದೆ ಹಾಕುತ್ತೀರಿ, ಹಾಟ್‌ಸ್ಪಾಟ್ ಎಷ್ಟು, ತೆರಿಗೆ ಸೇರಿ ಬಿಲ್ ಎಷ್ಟು ಅಂತ ಕೇಳಿ, ಉತ್ತರವನ್ನು ಅವರ ಕೈಯಲ್ಲೇ ಕಾಗದದ ಮೇಲೆ ಬರೆಸಿಕೊಳ್ಳಿ.