ರೈಲಿನಲ್ಲಿ ಒಂದು ಇಡೀ ಆಲ್ಬಂ

ನಾನು ಹಾಡು ಕೇಳಿ ಬೆಳೆದದ್ದೇ ಬಿಡಿಬಿಡಿಯಾಗಿ. ಮಂಗಳೂರು ಆಕಾಶವಾಣಿಯಲ್ಲಿ ಒಂದು, ಬಸ್ಸಿನಲ್ಲಿ ಮಲಯಾಳಂದು ಇನ್ನೊಂದು. ಈಗ ಕಾಸರಗೋಡಿನಿಂದ ಮಂಗಳೂರಿಗೆ ರೈಲಲ್ಲಿ ಹೋಗುವಾಗ ಹಳೇ ಆಲ್ಬಂಗಳನ್ನು ಮೊದಲಿಂದ ಕೊನೆ ತನಕ ಕೇಳುತ್ತಿದ್ದೇನೆ.

ಇವತ್ತು ಇಂಗ್ಲೆಂಡಿನ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ 'ದ ಡಾರ್ಕ್ ಸೈಡ್ ಆಫ್ ದ ಮೂನ್'. 1973ರದ್ದು, ಸುಮಾರು 43 ನಿಮಿಷ. ಕುಂಬಳೆ ಹತ್ತಿರ ಬಂದಾಗ ಕಿವಿಯೊಳಗೆ ಗಡಿಯಾರಗಳೆಲ್ಲ ಒಟ್ಟಿಗೆ ಬಡಿದುಕೊಂಡವು. ನಾನು ಬೆಚ್ಚಿಬಿದ್ದದ್ದು ನೋಡಿ ಎದುರು ಕೂತಿದ್ದ ಅಜ್ಜಿಗೆ ನಗು!

ಉಪ್ಪಳ ಬರುವಷ್ಟರಲ್ಲಿ 'ದ ಗ್ರೇಟ್ ಗಿಗ್ ಇನ್ ದ ಸ್ಕೈ' ಹಾಡಲ್ಲಿ ಗಾಯಕಿ ಕ್ಲೇರ್ ಟೋರಿಯ ದನಿ. ಮಾತೇ ಇಲ್ಲ, ಬರೀ ಆಲಾಪ. ಅಳುವೋ ಕೂಗೋ ಗೊತ್ತಾಗುವುದಿಲ್ಲ. ಆ ಹಾಡಿಗೆ ಆಕೆಗೆ ಅಂದು ಸಿಕ್ಕಿದ್ದು 30 ಪೌಂಡ್. ಕೋರ್ಟಿಗೆ ಹೋಗಿ, 2005ರಲ್ಲಿ ರಾಜಿಯಾದ ಮೇಲಷ್ಟೇ ಹಾಡು ರಚಿಸಿದವರ ಸಾಲಿನಲ್ಲಿ ಅವರ ಹೆಸರೂ ಸೇರಿತು. ಅಷ್ಟು ವರ್ಷ ಬೇಕಿತ್ತಾ?

ಮುಂದಿನ ಹಾಡು 'ಮನಿ' ನನಗೆ ಅಷ್ಟೇನೂ ಹಿಡಿಸಲಿಲ್ಲ. ಚಿಲ್ಲರೆ ಸದ್ದು ಮಾತ್ರ ಚೆಂದ.

ಈ ಆಲ್ಬಂನಲ್ಲಿ ಹಾಡಿಗೆ ಹಾಡು ಅಂಟಿಕೊಂಡೇ ಬರುತ್ತದೆ. ನಡುವೆ ಜಾಹೀರಾತು ನುಗ್ಗಿದರೆ ಕಥೆ ಮುಗೀತು. ಯಕ್ಷಗಾನದ ಒಂದು ಪದ್ಯವನ್ನು ಮೊಬೈಲಲ್ಲಿ ಕೇಳುವುದಕ್ಕೂ ಇಡೀ ಪ್ರಸಂಗ ಕೂತು ನೋಡುವುದಕ್ಕೂ ವ್ಯತ್ಯಾಸ ಇದೆ ಅಲ್ವಾ, ಹಾಗೆ.

ಮುಂದಿನ ಸಲ 1978ರ 'ನಿತ್ಯೋತ್ಸವ' ಕ್ಯಾಸೆಟ್. ನಿಸಾರ್ ಅಹಮದ್ ಕವಿತೆ, ಮೈಸೂರು ಅನಂತಸ್ವಾಮಿ ಸಂಗೀತ. 'ಜೋಗದ ಸಿರಿ ಬೆಳಕಿನಲ್ಲಿ' ಅನ್ನುವ ಆ ಒಂದು ಹಾಡು ಎಲ್ಲರಿಗೂ ಬಾಯಿಪಾಠ. ಇಡೀ ಕ್ಯಾಸೆಟ್ ಕೇಳಿದವರು ಯಾರಾದರೂ ಇದ್ದೀರಾ? ಇದ್ದರೆ ಹಾಡುಗಳ ಕ್ರಮ ಸ್ವಲ್ಪ ಹೇಳಿ.